ಕಾಯುವ ಪ್ಯಾಚು

ತಂತ್ರಾಂಶಕ್ಕೆ ಹಚ್ಚಿದ ತಿದ್ದುಪಡಿ ಪ್ಯಾಚುಗಳೆಲ್ಲ ಸರಿಯಾಗಿ ಕೂತಿವೆ ಎಂದು ಕಂಪ್ಯೂಟರ್ ಹೇಳಿದ್ದನ್ನು ಅಕ್ಕ ನಂಬಿದ್ದಳು. ಅದರ ಹೊಸ ಆವೃತ್ತಿ ಹಾಕಿದ ಮೇಲೆ ಮಂಚದ ಪಕ್ಕದ ಪರದೆಯಲ್ಲಿ ತಮ್ಮನ ಮಾತು 'ಅಅಅಅಅ' ಎಂದು ಓಡತೊಡಗಿತು.

"ಏನಂತಾನೆ?" ಅಡುಗೆಮನೆಯಿಂದ ಅಮ್ಮ ಕೂಗಿದಳು.

"ತಾಳಮ್ಮಾ, ಇನ್ನೂ ಹೇಳ್ತಿದಾನೆ."

ಅಮ್ಮನ ಕಣ್ಣಿಗೆ ಪರದೆಯ ಅಕ್ಷರ ಹತ್ತುವುದಿಲ್ಲ. ಯಂತ್ರವೇ ಓದಿ ಹೇಳುವ ಏರ್ಪಾಡಿತ್ತು, ಆದರೆ ಆ ಸ್ವರ ಕೇಳಿದಾಗಲೆಲ್ಲ ಅಮ್ಮ ಅಳುತ್ತಾಳೆಂದು ತಮ್ಮನೇ ಅದನ್ನು ನಿಲ್ಲಿಸಲು ಹೇಳಿದ್ದ. ಅಂದಿನಿಂದ ಓದುವವಳು ಅಕ್ಕ.

ಮನೆಯಲ್ಲಿ ಅವನ ಹೆಸರು ರೇಡಿಯೊ. ಚಿಕ್ಕಂದಿನಲ್ಲಿ ಅವನ ಬಾಯಿಗೆ ಬೀಗ ಹಾಕುವವರೇ ಇರಲಿಲ್ಲ. ನರಗಳ ಕಾಯಿಲೆ ಬಂದು ಕೈಕಾಲು ಹೋಯಿತು, ನಾಲಿಗೆ ಹೋಯಿತು, ಆಮೇಲೆ ರೆಪ್ಪೆಯೂ ಹೇಳಿದ ಮಾತು ಕೇಳದಾಯಿತು. ಕಿವಿ ಚುರುಕಾಗಿತ್ತು, ಬುದ್ಧಿ ಇನ್ನೂ ಚುರುಕು. ಕೆನ್ನೆಗೆ ತಾಗಿಸಿಟ್ಟ ಗುಂಡಿ ಒಂದೇ ಅವನ ಬಾಯಿ. ಪರದೆಯಲ್ಲಿ ಅಕ್ಷರಗಳು ಒಂದೊಂದಾಗಿ ಬೆಳಗುತ್ತವೆ, ಬೇಕಾದ್ದು ಬೆಳಗಿದಾಗ ಕೆನ್ನೆಯಿಂದ ಒತ್ತಿ ಹಿಡಿಯಬೇಕು.

ಆ ತಂತ್ರಾಂಶ ಬರೆದವರು ಎಲ್ಲೋ ಇರುವ, ಮುಖ ಕಾಣದ ಮಂದಿ. ಅದನ್ನು ಲಿನಕ್ಸ್ ಕಂಪ್ಯೂಟರ್ ಬಳಸುವವರು ಸುಲಭವಾಗಿ ಹಾಕಿಕೊಳ್ಳುವಂತೆ ಪ್ಯಾಕೇಜ್ ಮಾಡಿ ಒದಗಿಸುವ ಬಿಟ್ಟಿ ಕೆಲಸವನ್ನು ಅಕ್ಕ ತಮ್ಮನಿಗಾಗಿಯೇ ಹಿಡಿದಿದ್ದಳು. ಅವರು ಬರೆದ ಮೂಲ ಸೋರ್ಸ್ ಕೋಡನ್ನು ಹಾಗೇ ಬಿಟ್ಟು, ತನ್ನ ತಿದ್ದುಪಡಿಗಳನ್ನು ಪ್ಯಾಚುಗಳಾಗಿ ಬೇರೆ ಇಟ್ಟುಕೊಂಡು, ಹೊಸ ಆವೃತ್ತಿ ಬಂದಾಗಲೆಲ್ಲ ಒಂದರ ಮೇಲೊಂದು ಹಚ್ಚಬೇಕು. ಅವುಗಳಲ್ಲಿ ಒಂದಕ್ಕೆ ಅವಳು ಇಟ್ಟ ಹೆಸರು ಕಾಯುವ ಪ್ಯಾಚು. ಕೆನ್ನೆ ಸುಮ್ಮನೆ ಅದುರಿದ್ದನ್ನು ಲೆಕ್ಕಕ್ಕೆ ಹಿಡಿಯದೆ, ಅವನು ನಿಜವಾಗಿ ಒತ್ತುವ ತನಕ ಪ್ರೋಗ್ರಾಮನ್ನು ಕಾಯಿಸುವುದು ಅದರ ಕೆಲಸ. ತಂತ್ರಾಂಶ ಬರೆದ ಮೂಲದವರಿಗೂ ಅದನ್ನು ಕಳಿಸಿ ನೋಡಿದ್ದಳು. ಉಳಿದವರಿಗೆ ನಿಧಾನವಾಗುತ್ತದೆ ಎಂದು ಬಹಳ ಮರ್ಯಾದೆಯಿಂದ ಬೇಡವೆಂದರು. ಮರ್ಯಾದೆಗೇನು ಕಮ್ಮಿ!

ಅಕ್ಕ ಪರದೆಯ ಮೇಲಿನ ಅಅಅ ನೋಡಿದಳು. ಕೆಟ್ಟದ್ದು ಪ್ಯಾಚೋ, ಕೆನ್ನೆಯೋ? ಪ್ಯಾಚೇ ಆಗಿರಲಿ ಎಂದು ಬೇಡಿಕೊಳ್ಳುತ್ತ ಕಡತ ತೆರೆದಳು.

ಸಿಕ್ಕಿತು. ಮೂಲದವರು ಈ ಸಲ ಸಾಲುಗಳನ್ನು ಅತ್ತಿತ್ತ ಸರಿಸಿದ್ದರು. ಪ್ಯಾಚು ತನ್ನ ಜಾಗ ಹುಡುಕಿ, ಅಂಥವೇ ಸಾಲುಗಳು ಗುಂಡಿಯ ಭಾಗದ ಬದಲು ಮೌಸಿನ ಭಾಗದಲ್ಲಿ ಕಂಡು, ಅಲ್ಲೇ ಅಂಟಿಕೊಂಡುಬಿಟ್ಟಿತ್ತು.

"ತಪ್ಪು ನಂದೇ ಕಣೋ!" ಅಕ್ಕ ಗಟ್ಟಿಯಾಗಿ ನಕ್ಕಳು. "ಪ್ಯಾಚು ಬೇರೆಯವರ ಮನೆಗೆ ಹೋಗಿ ಕೂತಿದೆ!"

"ತಪ್ಪು ಮಾಡಿ ನಗೋರನ್ನ ಇವತ್ತೇ ನೋಡಿದ್ದು" ಎಂದಳು ಅಮ್ಮ ಒಳಗಿನಿಂದ.

ಪ್ಯಾಚನ್ನು ಅದರ ಜಾಗದಲ್ಲಿ ಕೂರಿಸಿ, ಪ್ಯಾಕೇಜನ್ನು ಮತ್ತೆ ಕಟ್ಟಿ, ಹಾಕಿದಳು. ಅಅಅ ನಿಂತಿತು. ಅವಳಿಗೆ ಹೋದ ಜೀವ ಬಂದಂತಾಯಿತು.

"ಹ್ಞೂಂ, ಈಗ ಒತ್ತು."

ಅ ಬೆಳಗಿತು, ಆ ಬೆಳಗಿತು, ಸಾಲು ಕೊನೆಯವರೆಗೆ ಹೋಗಿ ಮತ್ತೆ ಮೊದಲಿಂದ ಬಂತು. ತಮ್ಮನ ಹಣೆ ಬೆವರಿತು. ಕೆನ್ನೆ ಅದುರುತ್ತಿತ್ತು, ಒತ್ತುತ್ತಿರಲಿಲ್ಲ.

"ನಿಧಾನವಾಗಿ ಒತ್ತೋ. ಅರ್ಜೆಂಟಿಲ್ಲ."

ಒತ್ತಿ ಹಿಡಿಯಬೇಕಾದ ಹೊತ್ತನ್ನು ಇಳಿಸಿದಳು. ಏನೂ ಬರಲಿಲ್ಲ. ಮತ್ತೂ ಇಳಿಸಿದಳು. ಅಅಅ ಶುರುವಾಯಿತು. ಚೂರು ಏರಿಸಿದಳು. ಪರದೆ ಖಾಲಿ. ಅವನ ಕೆನ್ನೆ ಅದುರುವುದಕ್ಕೂ ಒತ್ತುವುದಕ್ಕೂ ನಡುವೆ ಈಗ ಏನೂ ವ್ಯತ್ಯಾಸ ಉಳಿದಿರಲಿಲ್ಲ. ಇದಕ್ಕೆ ಪ್ಯಾಚಿಲ್ಲ ಎಂದು ಅವಳಿಗೆ ತಿಳಿಯಿತು. ಆದರೂ ಕೈ ಕೀಲಿಮಣೆಯ ಮೇಲೆ ಆಡುತ್ತಲೇ ಇತ್ತು.

ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು ಮಂಚದ ಅಂಚಿಗೆ ಕೂತಳು. "ಸರಿಹೋಯ್ತಲ್ಲ? ಏನಂತಾನೆ ನಮ್ಮ ರೇಡಿಯೊ?"

ಅಕ್ಕ ಖಾಲಿ ಪರದೆ ನೋಡಿದಳು.

"ನೀನು ಊಟ ಮಾಡಿದ್ಯಾ ಅಂತ ಕೇಳ್ತಿದಾನಮ್ಮ."

ಅಮ್ಮನ ಮುಖ ಅರಳಿತು. "ಇವನೊಬ್ಬ! ಮಾಡ್ತೀನಿ ಕಣೋ, ಮೊದಲು ನಿಂದಾಗ್ಲಿ" ಎಂದು ಅವನ ತಲೆ ಸವರಿದಳು. "ಇನ್ನೇನಂತಾನೆ?"

ತಮ್ಮನ ಕಣ್ಣು ಅಕ್ಕನ ಮೇಲೇ ಇತ್ತು. ಗುಂಡಿಯ ಮೇಲೆ ಕೆನ್ನೆ ಒಂದೇ ಸಮನೆ ಅದುರುತ್ತಿತ್ತು. ಅವಳು ಪರದೆಯತ್ತ ತಿರುಗಿ, ಓದುವವಳ ಹಾಗೆ ತಡೆತಡೆದು, ಇನ್ನೊಂದು ವಾಕ್ಯ ಶುರುಮಾಡಿದಳು.