ಎರಡನೇ ದಿಬ್ಬ

ಬೆಳಗಿನಿಂದ ತಂಗಿಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಗ್ರಾಫು: 4.5ರ ಹತ್ತಿರ ಎತ್ತರದ ಶಿಖರ, 6.6ರ ಹತ್ತಿರ ಪುಟ್ಟದೊಂದು ದಿಬ್ಬ. ಸೆಂಟ್ರಿಫ್ಯೂಜಿನಲ್ಲಿ ಗಿರಗಿರನೆ ತಿರುಗಿಸಿದಾಗ ಔಷಧದ ಪ್ರೋಟೀನಿನ ಕಣಗಳು ಎಷ್ಟು ಬೇಗ ತಳದ ಕಡೆ ಸರಿಯುತ್ತವೆ ಎಂಬುದರ ಚಿತ್ರ ಅದು. ಬಿಡಿ ಕಣ ನಿಧಾನ, ಜೋಡಿಯಾಗಿ ಅಂಟಿಕೊಂಡದ್ದು ಬೇಗ. ಜೋಡಿಗಳು ನೂರಕ್ಕೆ ಎರಡು ದಾಟಿದರೆ ಆ ಔಷಧ ಮೋರಿಗೆ. ಇಲ್ಲಿ ನೂರಕ್ಕೆ ಆರು.

ಆ ಪ್ರೋಟೀನನ್ನು ಶುದ್ಧ ಮಾಡಿದವಳು ಪಕ್ಕದ ಕೋಣೆಯಲ್ಲಿ ಕೆಲಸ ಮಾಡುವ ಅವಳ ಒಡಹುಟ್ಟಿದ ಅಕ್ಕ. ಎರಡು ಸಲ ಕೆಟ್ಟಿತ್ತು. ಈ ಸಲವೂ ಕೆಟ್ಟರೆ ಕೆಲಸ ಬೇರೆಯವರಿಗೆ ಎಂದು ಮುಖ್ಯಸ್ಥರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ನಾಲ್ಕಕ್ಕೆ ಗ್ರಾಫು ಅವರ ಮೇಜಿನ ಮೇಲಿರಬೇಕು. ಈಗ ಮೂರೂಕಾಲು.

ದಿಬ್ಬ ಹೊರಗುಳಿಯಲೆಂದು ತಂಗಿ ಗ್ರಾಫಿನ ಕೊನೆಯ ಅಂಕಿಯನ್ನು ಹದಿನೈದರಿಂದ ಆರಕ್ಕೆ ಇಳಿಸಿದಳು. ಗೆರೆ ಅಂಚಿಗೆ ಹೋಗಿ ಗೋಡೆ ಹತ್ತಿದ ಹಾಗೆ ನೆಟ್ಟಗೆ ಏರಿತು. ಕುರುಡನಿಗೂ ಕಾಣುವ ಕಳ್ಳತನ. ಮತ್ತೆ ಹದಿನೈದಕ್ಕೆ ತಂದಳು. ಎದ್ದು ಕಿಟಕಿಯ ತನಕ ಹೋಗಿ ಬಂದಳು. ಆಮೇಲೆ ಗೆರೆಯನ್ನು ನಯಗೊಳಿಸುವ ಅಂಕಿಗೆ ಕೈ ಹಾಕಿದಳು. 0.68 ಇದ್ದದ್ದು 0.9 ಆಯಿತು, 0.95, 0.99. ದಿಬ್ಬ ಕರಗುತ್ತಾ ಕರಗುತ್ತಾ ದೊಡ್ಡದರೊಳಗೆ ಸೇರಿಹೋಯಿತು. ಒಂದೇ ಶಿಖರ, ಕಣ್ಣಿಗೆ ಹಬ್ಬ.

ಬರೀ ನೋಡೋಣ ಅಂತ, ಅಷ್ಟೇ. ಹಾಗಂತ ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಳ್ಳುವವರು ಬೇಗ ಕೈ ಹಿಂದೆ ತೆಗೆಯುವುದಿಲ್ಲ, ಇವಳೂ ತೆಗೆಯಲಿಲ್ಲ.

ಅಷ್ಟರಲ್ಲಿ ಅಕ್ಕ ಒಳಗೆ ಬಂದಳು.

"ಅಬ್ಬಾ! ಒಂದೇ ಒಂದು! ಹೇಳ್ಬಾರ್ದೇನೇ, ಕೋತಿ?"

"ಅಕ್ಕಾ, ಒಂದ್ನಿಮಿಷ..."

ಅಕ್ಕ ಆಗಲೇ ಫೋನು ಕಿವಿಗಿಟ್ಟಿದ್ದಳು. "ಅಮ್ಮಾ, ಆಯ್ತಮ್ಮಾ! ಈ ಸಲ ಗೆದ್ದೆ! ಹ್ಞೂ, ನಿನ್ನ ಚಿಕ್ಕಮಗಳೇ ನೋಡಿದ್ದು..."

ಅಕ್ಕ ಹೀಗೆ ನಕ್ಕು ಎಷ್ಟು ತಿಂಗಳಾಗಿತ್ತು! ಸುಮ್ಮನಿದ್ದರೆ ಆ ನಗು ಉಳಿಯುತ್ತದೆ. ಔಷಧ ಮಾತ್ರ ಯಾರದೋ ಮೈಗೆ ಹೋಗುತ್ತದೆ. ತಂಗಿ ಹಲ್ಲು ಕಚ್ಚಿ 0.68 ಒತ್ತಿದಳು. ದಿಬ್ಬ ಮತ್ತೆ ಎದ್ದು ಕೂತಿತು.

ಅಕ್ಕನ ಮಾತು ಅರ್ಧಕ್ಕೇ ನಿಂತಿತು. "ಆಮೇಲ್ ಮಾಡ್ತೀನಮ್ಮಾ," ಎಂದು ಫೋನು ಇಳಿಸಿದಳು.

"ಎಷ್ಟು?"

"ಆರು."

"ಯಾವಾಗ ಗೊತ್ತಾಯ್ತು?"

"ಬೆಳಿಗ್ಗೆ."

"ಮಧ್ಯಾಹ್ನ ಜೊತೆಗೇ ಕೂತು ಊಟ ಮಾಡಿದ್ವಲ್ಲೇ." ಅಕ್ಕ ಫೋನನ್ನು ಮೇಜಿನ ಮೇಲಿಟ್ಟಳು. "ಮೂರನೇ ಸಲ ಕೆಟ್ಟಿದ್ದನ್ನ ತಡ್ಕೊತೀನಿ ಕಣೇ. ನೀನು ನನ್ನ ನೋಡಿ ಪಾಪ ಅಂದ್ಕೊಂಡ್ಯಲ್ಲಾ, ಅದನ್ನ ತಡ್ಕೊಳ್ಳಕ್ಕಾಗಲ್ಲ."

ತಂಗಿ ಗುಂಡಿ ಒತ್ತಿದಳು, ಪ್ರಿಂಟರಿನಿಂದ ಹಾಳೆ ಹೊರಬಂತು. ಅಕ್ಕ ಅದನ್ನು ತೆಗೆದುಕೊಂಡು ಮುಖ್ಯಸ್ಥರ ಕೋಣೆಯತ್ತ ಹೊರಟಳು. ತಂಗಿ ಹಿಂದೆಯೇ ಎದ್ದಳು.

"ನೀನು ಬರ್ಬೇಡ," ಎಂದಳು ಅಕ್ಕ, ತಿರುಗಿಯೂ ನೋಡದೆ.

ತಂಗಿಯ ಫೋನು ಹೊಡೆದುಕೊಳ್ಳತೊಡಗಿತು. ಅಮ್ಮ. ಅವಳು ತಕ್ಷಣ ಎತ್ತಿದಳು. ಅಮ್ಮ ಬಾಯಿ ತೆರೆಯುವ ಮೊದಲೇ ಹೇಳಿದಳು:

"ಅಮ್ಮಾ, ಅಕ್ಕ ಹೇಳಿದ್ದು ನಿಜ ಅಲ್ಲ. ಅವಳಿಗೆ ಸುಳ್ಳು ತೋರಿಸಿದ್ದು ನಾನು."