ಕಲಶದ ನೀರು

ಗಂಗಿ ಕೆರೆಗಿಳಿದು ಪ್ರವಾಸಿಗರ ಹಂಸದೋಣಿಯ ಕುತ್ತಿಗೆ ಉಜ್ಜುತ್ತಿದ್ದಳು. ಪ್ಲಾಸ್ಟಿಕ್ ಹಂಸದ ಮೇಲೆ ನಿಜವಾದ ಕೊಕ್ಕರೆಗಳು ಹೇತಿದ್ದವು. ಕಲೆ ತೆಂಗಿನ ನಾರಿಗೂ ಬಿಡುತ್ತಿರಲಿಲ್ಲ.

"ಎಂತದೇ, ಹೆಣ ಮೀಸ್ದಂಗೆ ಮೀಸ್ತೆ? ಲಗೂ ತಿಕ್ಕೇ ರಂಡೆ!" ಪಂಚಾಯ್ತಿಯ ಪ್ರದೀಪ ದಂಡೆಯಿಂದ ಕೂಗಿದ. "ಸಾಹೇಬ್ರು ಬರೂ ಹೊತ್ತಾತು."

ಅಂದು ಕೆರೆ ಪಂಚಾಯ್ತಿಯ ಕೈಯಿಂದ ಹೊಸ ಇಲಾಖೆಯ ಕೈಗೆ ಹೋಗುವುದಿತ್ತು. ಊರಲ್ಲಿ ಅದಕ್ಕೆ ಬೋಟಿನ ಇಲಾಖೆ ಎಂದೇ ಹೆಸರು. ಹಿಂದಿನ ವಾರ ಸುತ್ತ ಬೇಲಿ ಬಂತು, ಮೆಟ್ಟಿಲಿಗೆ ಗೇಟು ಬಂತು. ಹಾಲಕ್ಕಿ ಕೇರಿಯ ಹೆಂಗಸರು ಎರಡೂ ಕೈಯಲ್ಲಿ ಕೊಡ ಹಿಡಿದು ಇಳಿದು, ಹರಿವೆ ಸೊಪ್ಪಿನ ಸಾಲಿಗೆ ನೀರು ಒಯ್ಯುತ್ತಿದ್ದ ಮೆಟ್ಟಿಲು ಅದು. ಈಗ ಕೊಡ ಹೊರಗಿಟ್ಟರೆ ಮಾತ್ರ ದೋಣಿ ತೊಳೆಯಲು ಒಳಗೆ ಬಿಡುತ್ತಿದ್ದರು. ಗಂಗಿಯ ಹರಿವೆ ಬಾಡಿ ಮಲಗಿತ್ತು.

ಪ್ರದೀಪನನ್ನು ಕೇಳಿದರೆ, "ಕೆರೆ ಈಗೆ ನಮ್ದಲ್ಲ, ಅವ್ರ ಹತ್ರ ಕೇಳು." ಇಲಾಖೆಯವರನ್ನು ಕೇಳಿದರೆ, "ಇನ್ನೂ ನಮ್ಮ ಕೈಗೆ ಬಂದಿಲ್ಲಮ್ಮ, ಪಂಚಾಯ್ತಿ ಕೇಳಿ."

ಇಲಾಖೆಯ ಸಾಹೇಬರು ಬಂದರು. ಕೆರೆಯ ನೀರು ತುಂಬಿದ ಕಲಶವನ್ನು, ಮಾವಿನೆಲೆ, ತೆಂಗಿನಕಾಯಿ ಸಮೇತ, ಊರಿನ ಹೆಂಗಸೊಬ್ಬಳು ಅವರ ಕೈಗೆ ಕೊಡಬೇಕಿತ್ತು. ಕೊರಳಿನ ಹಾಲಕ್ಕಿ ಮಣಿಸರ ನೋಡಿ ಗಂಗಿಯನ್ನೇ ನಿಲ್ಲಿಸಿದರು.

"ಇವರ ಹಳೇ ಉಡುಗೆಗೆ ರವಿಕೆ ಇರೋದಿಲ್ಲ ಅಲ್ವಾ?" ಸಾಹೇಬರು ಪ್ರದೀಪನನ್ನು ಕೇಳಿದರು. "ಫೋಟೋಕ್ಕೆ ಅದು ಚೆಂದ."

"ಏ ಗಂಗಿ, ರವಕೆ ಬಿಚ್ಚಿಟ್ಟ್ ಬಾರೇ ಮಾರಾಯ್ತಿ. ಸರ್ಕಾರಿ ಕೆಲ್ಸ."

"ನನ್ನವ್ವಿ ತೊಡ್ತಿರ್ಲಿಲ್ಲ, ಅದು ಅವ್ಳ ಖುಷಿ," ಎಂದಳು ಗಂಗಿ. "ನಿಮ್ಮಾಯಿ ಬಿಚ್ಕಂಡ್ ಬರ್ಲಿ ಒಡ್ಯಾ, ಹಿಂದಿಂದ ನಾ ಬತ್ತೆ."

ಯಾರೋ ಕೆಮ್ಮಿದರು. ಬಿಸಿಲು ಏರುತ್ತಿದೆ ಎಂದು ಸಾಹೇಬರೇ ಹೇಳಿದರು. ರವಿಕೆಯ ಮಾತು ಅಲ್ಲಿಗೆ ನಿಂತಿತು.

ವಾದ್ಯ ಮೊಳಗಿತು. ಗಂಗಿ ಕಲಶ ಎತ್ತಿಕೊಂಡಳು. ಸಾಹೇಬರು ಎರಡೂ ಕೈ ಚಾಚಿ ಕ್ಯಾಮರಾದ ಕಡೆ ನಕ್ಕರು. ಅವಳು ತೆಂಗಿನಕಾಯಿಯನ್ನಷ್ಟೇ ತೆಗೆದು ಆ ಕೈಯಲ್ಲಿಟ್ಟಳು. ಕಲಶವನ್ನು ಸೊಂಟಕ್ಕೇರಿಸಿ ಗೇಟು ದಾಟಿದಳು.

"ಏಯ್! ಕಲಶ ಎಲ್ಲಿಗ್ ತಕಂಡ್ ಹೋತ್ಯೇ?" ಪ್ರದೀಪ ಒದರಿದ.

ನೀರು ಹರಿವೆಯ ಒಂದೇ ಸಾಲಿಗೆ, ಅದೂ ಅರ್ಧಕ್ಕೆ ಆಯಿತು. ಮಾವಿನೆಲೆ ಮಣ್ಣಿಗೆ ಬಿತ್ತು.

ತಿರುಗಿ ಬಂದಾಗ ಗೇಟು ಹಾಕಿತ್ತು. ಆಚೆ ಭಾಷಣ ನಡೆದಿತ್ತು. ಕುರ್ಚಿಯಲ್ಲಿದ್ದವರು ಒಮ್ಮೆ ಅವಳನ್ನು ನೋಡಿದರು, ಆಮೇಲೆ ವೇದಿಕೆ ನೋಡಿದರು. ಗಂಗಿ ಖಾಲಿ ಕಲಶವನ್ನು ಸರಳಿಗೆ ತಾಗಿಸಿ ನಿಂತಳು.

"ಅರ್ಧ ಸಾಲು ಉಳ್ದದೆ. ಗೇಟ್ ತೆಗೀರಿ."