ಹಾಕಿದ್ದು, ಎದ್ದದ್ದು

ಬೆಳಗ್ಗೆ ಮತ್ತೆ ಮಗಳು ಪುಟ್ಟಿಯ ಅಂಗಿಯ ತೋಳು ಸರಿಸಿ ನೋಡಿದೆ. ಸೂಜಿಯ ಗೀರು ಮಾಸುತ್ತಿತ್ತು. ಗುಳ್ಳೆ ಎದ್ದಿರಲಿಲ್ಲ.

ಹಿಂದಿನ ಸಂತೆಯ ದಿನ ಲಸಿಕೆ ಹಾಕುವ ಅಂಜನಪ್ಪನವರು ತಳಿ ಎಂಬ ಊರಿನಿಂದ ಬಂದು ನಮ್ಮೂರ ಮಕ್ಕಳಿಗೆ ದೇವಿ, ಅಂದರೆ ಸಿಡುಬಿನ ಮದ್ದು, ಹಾಕಿದ್ದರು. ರಾಯಕೋಟೆಯಲ್ಲಿ ಸಿಡುಬು ಎದ್ದಿತ್ತು. ಹಿಂದೇಟು ಹಾಕಿದ ಹೆಂಗಸರನ್ನು ಮನೆಮನೆಗೆ ಹೋಗಿ ಕರೆತಂದವಳು ನಾನು. "ಹಾಕಿಸಿದರೆ ಸಾಕು, ಬರೋದಿಲ್ಲ" ಎಂದಿದ್ದೆ. ಚುಚ್ಚಿದಲ್ಲಿ ಗುಳ್ಳೆ ಎದ್ದರೆ ಮಾತ್ರ ಔಷಧ ಹಿಡಿದಂತೆ ಎಂಬುದನ್ನು, ಹೆದರುತ್ತಾರೆಂದು, ಹೇಳದೆ ಬಿಟ್ಟಿದ್ದೆ.

ಬಾವಿಯ ಹತ್ತಿರ ಮಾತು ತಿರುಗಿಬಿಟ್ಟಿತ್ತು.

"ಪಾಪ, ಮಂಗಮ್ಮನ ಕೂಸಿಗೆ ಮದ್ದು ಕೆಟ್ಟೋಯ್ತು. ಗುಳ್ಳೆ ಎದ್ದು ತೋಳೆಲ್ಲ ಊದ್ಕಂಡು ಜ್ವರ ಬಂದೈತೆ" ಎಂದಳು ಪಕ್ಕದ ಮನೆಯ ದೊಡ್ಡಮುನಿಯಮ್ಮ. "ನಮ್ ಮೊಮ್ಮಗಂಗೆ ನೋಡು, ಒಂದ್ ಗುಳ್ಳೆನೂ ಇಲ್ಲ. ನಾಳೆ ರಾಯಕೋಟೆ ಮದ್ವೆಗೆ ಕರ್ಕೊಂಡೋಯ್ತೀನಿ. ಹಾಕ್ಸಿದೀವಲ್ಲ, ಇನ್ನೇನು ಭಯ?"

ಕೊಡ ತುಂಬಿಸದೆಯೇ ಮನೆಗೆ ಹಿಂತಿರುಗಿದೆ.

ಮಧ್ಯಾಹ್ನ ತೋಳು ನೋಡಲು ಅಂಜನಪ್ಪನವರು ಬಂದರು. ಹೆಂಗಸರೆಲ್ಲ ಅರಳಿಕಟ್ಟೆಯ ಸುತ್ತ ನಿಂತಿದ್ದರು. ಮಗುವನ್ನು ಎತ್ತಿಕೊಂಡು ಮುಂದೆ ಹೋದೆ.

"ನನ್ನ ಮಗೂಗೆ ಎದ್ದಿಲ್ಲ. ಹಾಕಿಸಿದ್ದು ಲೆಕ್ಕಕ್ಕಿಲ್ಲ, ಎದ್ದಿದ್ದೇ ಲೆಕ್ಕ. ಮಂಗಮ್ಮನ ಕೂಸಿಗೆ ಮದ್ದು ಕೆಟ್ಟಿಲ್ಲ, ಹಿಡಿದಿದೆ. ನಾನು ಅವತ್ತು ಪೂರ್ತಿ ಹೇಳಲಿಲ್ಲ."

"ಅವತ್ತು ಸಾಕು ಅಂದ್ಯಲ್ಲಮ್ಮ!" ದೊಡ್ಡಮುನಿಯಮ್ಮ ಸೊಂಟಕ್ಕೆ ಕೈಕೊಟ್ಟಳು. "ಬೆಂಗಳೂರ್ನಾಗೆ ಇದನ್ನೇ ಏನೇ ಓದ್ಕಂಡ್ ಬಂದಿದ್ದು?"

ಯಾರೋ ನಕ್ಕರು. ಆಗ ನನ್ನ ಅತ್ತೆ ಅಶ್ವತ್ಥಮ್ಮ ತಲೆ ತಗ್ಗಿಸಿ ಅಂದರು: "ಅವಳನ್ ಅನ್ಬೇಡ ಕಣೇ. ಅವತ್ತು ಮಗು ಉರಿ ಅಂತ ಅಳ್ತಿತ್ತು. ಹಾಕಿದ್ ಮದ್ದನ್ನ ಬೇವಿನ ನೀರ್ನಾಗೆ ನಾನೇ ಒರಸ್ಬುಟ್ಟೆ."

ದೊಡ್ಡಮುನಿಯಮ್ಮ ಸೊಂಟದ ಕೈ ಇಳಿಸಿ ಮೊಮ್ಮಗನ ತೋಳು ನೋಡಿದಳು. ಅವಳೂ ಒರೆಸಿದ್ದಳೆಂದು ಮುಖವೇ ಹೇಳಿತು.

ಅಂಜನಪ್ಪನವರು ಪುಟ್ಟಿಗೆ ಎರಡನೆಯ ಸಲ ಹಾಕಿದರು. ಮದ್ದು ಒಣಗುವ ತನಕ ಅವಳ ಮಣಿಕಟ್ಟನ್ನು ನಾನು ಬಿಡಲಿಲ್ಲ.

"ಈ ಸಲ ಎದ್ರೆ?" ದೊಡ್ಡಮುನಿಯಮ್ಮ ಕೇಳಿದಳು.

"ಎದ್ದರೆ, ಸಿಡುಬು ಬರೋದು ತೀರ ಅಪರೂಪ."

"ಬರಾಕಿಲ್ಲ ಅನ್ನು."

ಬರುವುದಿಲ್ಲ ಎಂದುಬಿಟ್ಟರೆ ಮೊಮ್ಮಗನನ್ನು ಹಾಕಿಸಲು ಈಗಲೇ ಕೂರಿಸುತ್ತಾಳೆ. "ಅಪರೂಪ" ಎಂದೆ. "ಅದೂ ಗುಳ್ಳೆ ಎದ್ದಮೇಲೆ. ಅಲ್ಲೀತನಕ ರಾಯಕೋಟೆ ಬೇಡ."

"ಮದ್ವೆ ಊಟ ನೀನ್ ಹಾಕ್ತೀಯಾ?"

"ಹಾಕ್ತೀನಿ."

ನನ್ನನ್ನೇ ದಿಟ್ಟಿಸಿದಳು. ಆಮೇಲೆ ಮೊಮ್ಮಗನನ್ನು ಕಟ್ಟೆಯ ಮೇಲೆ ಕೂರಿಸಿದಳು. "ಹಾಕಪ್ಪ. ಅವತ್ತು ನಗ್ತಾ ಹೇಳಿದ್ಲು. ಇವತ್ತು ನಡುಗ್ತಾ ಹೇಳ್ತಾವ್ಳೆ. ನಿಜ ಇರ್ಬೇಕು."

ಮರುದಿನ ಇದ್ದಿಲು ಉರಿಸಿ ಓಡುವ ರಾಯಕೋಟೆ ಬಸ್ಸು ಹೊಗೆ ಕಾರುತ್ತಾ ಹೋಯಿತು. ಹುಡುಗ ನಮ್ಮ ಜಗಲಿಯಲ್ಲಿ ಪುಟ್ಟಿಯ ಪಕ್ಕ ಕೂತು ಹೋಳಿಗೆ ತಿನ್ನುತ್ತಿದ್ದ. ನಾನು ಇಬ್ಬರ ತೋಳನ್ನೂ ಸರಿಸಿ ಸರಿಸಿ ನೋಡುತ್ತಿದ್ದೆ.